ಅರಿಶಿನದ ಫಾರ್ವರ್ಡ್, ದೊಡ್ಡಪ್ಪನ ಬಾಟಲಿ

ಹೊಳಲ್ಕೆರೆ ಚಿಕ್ಕಪ್ಪ: (ಫಾರ್ವರ್ಡ್) ಅರಿಶಿನದ ಕರ್ಕ್ಯುಮಿನ್ ಶ್ವಾಸಕೋಶದ ಕ್ಯಾನ್ಸರ್ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಎಲ್ಲರಿಗೂ ಕಳುಹಿಸಿ.

ಹೊಳಲ್ಕೆರೆ ಚಿಕ್ಕಪ್ಪ: ಅಣ್ಣನಿಗೆ ನಾಳೆಯಿಂದಲೇ ಒಂದು ಲೋಟ ಕಷಾಯ ಕೊಡಿ. ಇನ್ನು ಕೀಮೋ ಸಾಕು. ಮನುಷ್ಯ ಅರ್ಧಕ್ಕೆ ಇಳಿದಿದ್ದಾನೆ.

ವಿದ್ಯಾನಗರದ ಅತ್ತೆ: ನನಗೂ ಹಾಗೆಯೇ ಅನ್ನಿಸುತ್ತದೆ. ಮೊನ್ನೆ ದಿಂಬಿನ ಮೇಲೆ ಉದುರಿದ ಕೂದಲು ನೋಡಿ ಅತ್ತಿಗೆ ಒಳಗೆ ಹೋಗಿ ಅತ್ತರು.

ನಾನು: ಚಿಕ್ಕಪ್ಪ, ಅದರಲ್ಲಿರುವುದು ಪೂರ್ತಿ ಸುಳ್ಳಲ್ಲ. 1972ರಲ್ಲಿ 58 ವರ್ಷದ ರೋಗಿಯೊಬ್ಬರ ಶ್ವಾಸಕೋಶದ ಗೆಡ್ಡೆಯಿಂದ ತೆಗೆದ ಎ549 ಎಂಬ ಕೋಶಗಳನ್ನು ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಸುತ್ತಾರೆ. ಅವುಗಳ ಮೇಲೆ ಕರ್ಕ್ಯುಮಿನ್ ಹಾಕಿದರೆ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಸೋರುತ್ತದೆ, ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳು ಅದರಲ್ಲೇ ಮುಳುಗಿರುತ್ತವೆ. ಕುಡಿದ ಕರ್ಕ್ಯುಮಿನ್ ಬಹುಪಾಲು ಕರುಳನ್ನೇ ದಾಟುವುದಿಲ್ಲ. ದಾಟಿದ್ದನ್ನೂ ಯಕೃತ್ತು ಬೇಗನೆ ಹೊರಹಾಕುತ್ತದೆ.

ಹೊಳಲ್ಕೆರೆ ಚಿಕ್ಕಪ್ಪ: ಕಾಳುಮೆಣಸು ಸೇರಿಸಿದರೆ ಮೈಗೆ ಹತ್ತುತ್ತದೆ. ಅಜ್ಜಿ ಸುಮ್ಮನೆ ಹಾಕುತ್ತಿದ್ದರೇ?

ನಾನು: ಅಜ್ಜಿ ಮಾಡಿದ್ದು ಸರಿ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಆದರೂ ಇಪ್ಪತ್ತು ಹನಿಗೆ ಕೊಡ ತುಂಬುವುದಿಲ್ಲ. ನನ್ನ ಭಯ ಬೇರೆಯದು. ಪೈಪರಿನ್ ಯಕೃತ್ತಿನ ಕಿಣ್ವಗಳ ಕೈ ಕಟ್ಟುತ್ತದೆ. ದೊಡ್ಡಪ್ಪನ ಕೀಮೋ ಔಷಧವನ್ನು ಹೊರಹಾಕುವುದಕ್ಕೂ ಅಂಥ ಕಿಣ್ವಗಳೇ ಬೇಕು. ಔಷಧ ರಕ್ತದಲ್ಲಿ ಲೆಕ್ಕ ಮೀರಿ ಉಳಿದರೆ? ಸಾರಿಗೆ ಹಾಕುವ ಮೆಣಸು ಬೇರೆ, ಚಮಚಗಟ್ಟಲೆ ಕುದಿಸಿ ದಿನವೂ ಕುಡಿಸುವುದು ಬೇರೆ.

ಹೊಳಲ್ಕೆರೆ ಚಿಕ್ಕಪ್ಪ: ಹಾಗಾದರೆ ಗಿಡಮೂಲಿಕೆಯೆಲ್ಲ ಸುಳ್ಳು ಎನ್ನು.

ನಾನು: ಖಂಡಿತ ಅಲ್ಲ. ಹೋದ ವಾರ ದೊಡ್ಡಪ್ಪನ ಕೀಮೋ ಬಾಟಲಿಯ ಪಕ್ಕ ಮೂರು ಗಂಟೆ ಕೂತವಳು ನಾನು. ಚೀಟಿಯ ಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಎಂದಿತ್ತು. ಅದು ಮೊದಲು ಸಿಕ್ಕಿದ್ದೇ ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮ ನಾಳಿಕೆಗಳನ್ನು ಅದು ಬಿಗಿದು ನಿಲ್ಲಿಸುತ್ತದೆ. ಹತ್ತಿ ಗಿರಣಿಯಲ್ಲಿ ದುಡಿದ ದೊಡ್ಡಪ್ಪನಿಗೆ, ಮಗ್ಗದಲ್ಲಿ ನೂಲು ಸಿಕ್ಕಿಕೊಂಡ ಹಾಗೆ ಎಂದೆ. ತಕ್ಷಣ ತಲೆಯಾಡಿಸಿದರು. ವಿಭಜನೆ ಮುಗಿಸಲಾಗದ ಕೋಶ ಸಾಯುವುದೂ ನಿಮ್ಮ ಫಾರ್ವರ್ಡ್ ಹೇಳುವಂತೆ ತಾನಾಗಿಯೇ. ಅತ್ತೆ, ಕೂದಲಿನ ಬುಡದ ಕೋಶಗಳೂ ವೇಗವಾಗಿ ಹೆಚ್ಚುವಂಥವು, ಅದಕ್ಕೇ ಉದುರುವುದು. ನಿಮ್ಮ ಅಂಗಳದ ನಿತ್ಯಪುಷ್ಪದ ಸತ್ವದಿಂದ ಮಾಡುವ ವಿನೊರೆಲ್ಬಿನ್ ಕೂಡ ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಔಷಧ.

ವಿದ್ಯಾನಗರದ ಅತ್ತೆ: ತುಳಸಿ ಕಟ್ಟೆಯ ಪಕ್ಕದ್ದೇ? ನಾಲ್ಕು ಎಲೆ ಕಿತ್ತು ತರಲೇ?

ನಾನು: ಬೇಡವೇ ಬೇಡ ಅತ್ತೆ! ಆ ಎಲೆ ವಿಷ. ಮೈತೂಕ, ಎತ್ತರ, ರಕ್ತ ಪರೀಕ್ಷೆ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವುದರಿಂದಲೇ ಅದು ಔಷಧ.

ಹೊಳಲ್ಕೆರೆ ಚಿಕ್ಕಪ್ಪ: ಡಾಕ್ಟರನ್ನು ಕೇಳದೆ ಕೊಡುವುದಿಲ್ಲ. ಆದರೆ ಗುರುವಾರ ನಾನೇ ಬಂದು ಕೇಳುತ್ತೇನೆ.

ನಾನು: ಬನ್ನಿ ಚಿಕ್ಕಪ್ಪ. ಕಷಾಯಕ್ಕೆ ಏನೇನು, ಎಷ್ಟೆಷ್ಟು ಚಮಚ ಎಂದು ಬರೆದುಕೊಂಡು ಬನ್ನಿ. ಅಲ್ಲಿಯವರೆಗೆ ಕೀಮೋ ನಿಲ್ಲಿಸುವ ಮಾತನ್ನು ದೊಡ್ಡಪ್ಪನ ಕಿವಿಗೆ ಹಾಕಬೇಡಿ.