ಅಮೆರಿಕದ ಖಾಸಗಿ ಕೈರೊಪ್ರಾಕ್ಟಿಕ್ ಕಾಲೇಜು: ಬಿ.ಪಿ.ಟಿ. ಮುಗಿಸಿದವರು ಸೇರಬಹುದೇ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ಬಿ.ಪಿ.ಟಿ. (ಫಿಸಿಯೋಥೆರಪಿ ಪದವಿ) ಮುಗಿಸಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿರುವ ನನ್ನ ತಂಗಿಗೆ ಬೆನ್ನುಮೂಳೆಯ ಚಿಕಿತ್ಸೆಯಲ್ಲಿ ವಿಶೇಷ ಆಸಕ್ತಿ. ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿರುವ, ಕೈರೊಪ್ರಾಕ್ಟಿಕ್ (ಮುಖ್ಯವಾಗಿ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಚಿಕಿತ್ಸಾ ಪದ್ಧತಿ) ಕಲಿಸುವ ಪಾಮರ್ ಕಾಲೇಜಿಗೆ ಅರ್ಜಿ ಹಾಕಬೇಕೆಂದಿದ್ದಾಳೆ. ಇಂತಹ ಕಾಲೇಜುಗಳಲ್ಲಿ ನಿಜಕ್ಕೂ ಏನು ಕಲಿಸುತ್ತಾರೆ, ಹಿಂದಿರುಗಿದರೆ ಇಲ್ಲಿ ವೃತ್ತಿ ನಡೆಸಲು ಸಾಧ್ಯವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಮನೆಯಲ್ಲಿ ಅಪ್ಪ, ‘ಉಳುಕು ತೆಗೆಯುವುದನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕೇ?’ ಎನ್ನುತ್ತಿದ್ದಾರೆ.

ಉತ್ತರ 1 (ಅಮೆರಿಕದಲ್ಲಿ ಓದುತ್ತಿರುವವರು)

ನಾನು ಬೇರೊಂದು ರಾಜ್ಯದ ಖಾಸಗಿ ಕಾಲೇಜಿನಲ್ಲಿ ಕೊನೆಯ ಹಂತದಲ್ಲಿದ್ದೇನೆ. ಮಾನ್ಯತೆ ನೀಡುವ ಸಿ.ಸಿ.ಇ. ಮಂಡಳಿಯ ನಿಯಮದಂತೆ ಪದವಿಗೆ ಕನಿಷ್ಠ 4,200 ಗಂಟೆಗಳ ಬೋಧನೆ ಬೇಕು. ಪಾಮರ್‌ನಲ್ಲಿ ಅದನ್ನು 10 ಟ್ರೈಮಿಸ್ಟರ್‌ಗಳಿಗೆ ಹಂಚಿದ್ದಾರೆ. ಆರಂಭದ ಅಂಗರಚನೆ, ಶವಚ್ಛೇದನ, ಶರೀರಕ್ರಿಯಾಶಾಸ್ತ್ರಗಳಲ್ಲಿ ನಿಮ್ಮ ತಂಗಿಗೆ ಬಹುಪಾಲು ಪರಿಚಿತವೇ ಇರುತ್ತದೆ, ಆದರೆ ಅದಕ್ಕಾಗಿ ವಿನಾಯಿತಿ ಕೊಡುವುದು ಬಿಡುವುದು ಕಾಲೇಜಿನ ವಿವೇಚನೆ.

ಕೈ ಪಳಗುವುದು ಟೆಕ್ನಿಕ್ ಲ್ಯಾಬಿನಲ್ಲಿ. ಹಾಳೆಯ ಕೆಳಗೆ ಒಂದು ಕೂದಲೆಳೆ ಇಟ್ಟು, ಕಣ್ಣು ಮುಚ್ಚಿ, ಬೆರಳ ತುದಿಯಿಂದ ಅದರ ಜಾಡು ಹಿಡಿಯುವುದು ನಮಗೆ ಮೊದಲ ಅಭ್ಯಾಸವಾಗಿತ್ತು; ಸಿಕ್ಕಿದರೆ ಮೇಲೆ ಇನ್ನೊಂದು ಹಾಳೆ. ಆಮೇಲೆ ಸಹಪಾಠಿಯ ಬೆನ್ನು: ಸೊಂಟದ ಎಲುಬಿನ ಮೇಲಂಚಿನ ನೇರಕ್ಕೆ ನಾಲ್ಕನೆಯ ಸೊಂಟದ ಕಶೇರುಕವನ್ನು (ಬೆನ್ನುಮೂಳೆಯ ಮಣಿಯನ್ನು) ಗುರುತಿಸಿ, ಅಲ್ಲಿಂದ ಒಂದೊಂದಾಗಿ ಎಣಿಸುತ್ತಾ ಮೇಲೇರಬೇಕು. ಇದಕ್ಕಿಂತ ಕಠಿಣವಾದದ್ದು ಯಾರ ಮೇಲೆ ಕೈ ಇಡಬಾರದೆಂಬ ಕಲಿಕೆ. ಬೆನ್ನುನೋವಿನ ಜೊತೆಗೆ ತೊಡೆಸಂದಿಯ ಸುತ್ತ ಜೋಮು ಹಿಡಿದಿದ್ದು, ಮೂತ್ರದ ಮೇಲಿನ ಹಿಡಿತವೂ ತಪ್ಪಿದ್ದರೆ ಆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಕಳಿಸಬೇಕು. ಕೊನೆಯ ಹಂತವೆಲ್ಲ ಕಾಲೇಜಿನ ಕ್ಲಿನಿಕ್ಕಿನಲ್ಲಿ, ಪರವಾನಗಿ ಹೊಂದಿದ ಅಧ್ಯಾಪಕರ ಕಣ್ಣೆದುರಿಗೇ ನಡೆಯುತ್ತದೆ. ಪದವಿ ಬಂದರೂ ರಾಷ್ಟ್ರೀಯ ಮಂಡಳಿಯ ಪರೀಕ್ಷೆಗಳನ್ನು ಪಾಸು ಮಾಡಿ ರಾಜ್ಯದ ಪರವಾನಗಿ ಪಡೆಯದೆ ಅಲ್ಲಿ ವೃತ್ತಿ ನಡೆಸುವಂತಿಲ್ಲ.

ಉತ್ತರ 2 (ಬೆಂಗಳೂರಿನ ಮೂಳೆತಜ್ಞರು)

ಮೇಲಿನವರ ಮಾತನ್ನು ಒಪ್ಪುತ್ತಲೇ, ಕಾಲೇಜು ಯಾವ ಮನೋಧರ್ಮದ್ದು ಎಂಬುದನ್ನು ಮೊದಲು ನೋಡಿ ಎನ್ನುತ್ತೇನೆ. ಪಾಮರ್ ಆರಂಭವಾದದ್ದು 1897ರಲ್ಲಿ; ಅದರ ಸ್ಥಾಪಕ ಡಿ.ಡಿ. ಪಾಮರ್ 1895ರಲ್ಲಿ ಬೆನ್ನುಮೂಳೆಯನ್ನು ಒತ್ತಿ ಒಬ್ಬರ ಕಿವುಡು ವಾಸಿಮಾಡಿದೆನೆಂದು ಹೇಳಿಕೊಂಡಿದ್ದರು. ಕಶೇರುಕದ ‘ಸಬ್‌ಲಕ್ಸೇಶನ್’ (ಅದು ಜಾಗದಿಂದ ತುಸು ಸರಿದಿದೆ ಎನ್ನುವ ಸ್ಥಿತಿ) ಸರಿಪಡಿಸಿದರೆ ನಾನಾ ಕಾಯಿಲೆಗಳು ವಾಸಿಯಾಗುತ್ತವೆಂದು ಇಂದಿಗೂ ನಂಬುವ ಪಂಥವೊಂದಿದೆ, ಪುರಾವೆಯನ್ನು ನೆಚ್ಚುವ ಪಂಥವೂ ಇದೆ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘದ 2017ರ ಮಾರ್ಗಸೂಚಿಯು ಸೊಂಟನೋವಿಗೆ ಔಷಧವಿಲ್ಲದ ಆಯ್ಕೆಗಳಲ್ಲಿ ಬೆನ್ನುಮೂಳೆಯ ಹಸ್ತಚಿಕಿತ್ಸೆಯನ್ನೂ ಸೇರಿಸಿದೆ. ಅದನ್ನು ಕಿವಿಯ ಸೋಂಕಿಗೋ ಆಸ್ತಮಾಕ್ಕೋ ಹಿಗ್ಗಿಸುವ ಬೋಧನೆಯಿದ್ದರೆ ನಾನಂತೂ ಆ ಕಾಲೇಜಿನಿಂದ ದೂರವಿರುತ್ತೇನೆ.

ಭಾರತದಲ್ಲಿ ಈ ವೃತ್ತಿಗೆ ಪ್ರತ್ಯೇಕ ಶಾಸನಬದ್ಧ ಮಂಡಳಿಯಿಲ್ಲ. ಹಿಂದಿರುಗಿದರೆ ತಂಗಿಯ ಕೈಹಿಡಿಯುವುದು ಬಿ.ಪಿ.ಟಿ.ಯೇ ಹೊರತು ಹೊಸ ಪದವಿಯಲ್ಲ.

ಉತ್ತರ 3 (ಶಿಕಾಗೊ ಬಳಿಯ ಕನ್ನಡಿಗರು)

ಹಣದ ಮಾತನ್ನು ಯಾರೂ ಎತ್ತಲಿಲ್ಲ. ಇತ್ತೀಚೆಗೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಈ ಕೋರ್ಸಿಗೆ ಮುಂದಾಗುವವರೆಗೆ ಇಲ್ಲಿ ಇದು ಹೆಚ್ಚುಕಡಿಮೆ ಖಾಸಗಿ ಕಾಲೇಜುಗಳ ಸ್ವತ್ತೇ ಆಗಿತ್ತು, ಹಾಗಾಗಿ ಶುಲ್ಕ ದುಬಾರಿ. ವಿದೇಶಿ ವಿದ್ಯಾರ್ಥಿಗೆ ಅಮೆರಿಕದ ಕೇಂದ್ರ ಸರ್ಕಾರದ ಸಾಲ ಸಿಗುವುದಿಲ್ಲ. ಕಾಲೇಜಿನ ಮಾನ್ಯತೆಯನ್ನೂ ಪರಿಶೀಲಿಸಿ: ಜಾರ್ಜಿಯಾದ ಲೈಫ್ ವಿಶ್ವವಿದ್ಯಾಲಯದ ಕೋರ್ಸ್ 2002ರಲ್ಲಿ ಸಿ.ಸಿ.ಇ. ಮಾನ್ಯತೆ ಕಳೆದುಕೊಂಡಾಗ, ಮರುವರ್ಷ ನ್ಯಾಯಾಲಯದ ಮೂಲಕ ಅದು ಮರಳುವವರೆಗೆ ವಿದ್ಯಾರ್ಥಿಗಳು ಅತಂತ್ರರಾಗಿದ್ದರು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಹಿಂದಿರುಗುವ ಯೋಚನೆಯಿದ್ದರೆ ಇಲ್ಲಿಯೇ ಎಂ.ಪಿ.ಟಿ. (ಫಿಸಿಯೋಥೆರಪಿ ಸ್ನಾತಕೋತ್ತರ ಪದವಿ) ಮಾಡುವುದು ಮೇಲೆಂದು ಈಗ ನನಗೆ ಅನ್ನಿಸುತ್ತಿದೆ. ತಂಗಿಗೆ ಇನ್ನೊಂದು ಸಂಕೋಚ: ಲ್ಯಾಬಿನಲ್ಲಿ ಹುಡುಗರ ಎದುರು ಬೆನ್ನು ತೋರಿಸಲೇಬೇಕೇ?

ಉತ್ತರ 1

ನಮ್ಮಲ್ಲಿ ಬೆನ್ನಿನ ಕಡೆ ತೆರೆಯುವ ಗೌನ್ ಕೊಡುತ್ತಾರೆ, ಹುಡುಗಿಯರು ಹುಡುಗಿಯರೊಂದಿಗೇ ಜೋಡಿಯಾಗಲು ಅಡ್ಡಿಯಿಲ್ಲ. ಆದರೆ ಕ್ಲಿನಿಕ್ಕಿಗೆ ಬರುವ ರೋಗಿಗಳಲ್ಲಿ ಗಂಡಸರೂ ಇರುತ್ತಾರೆ. ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಅದು ಹೊಸದಲ್ಲ.