‘ಹೌಸ್ ಆಫ್ ಲೀವ್ಸ್’: ಒಂಬತ್ತನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದಿದ್ದೇನೆ, ದಾರಿ ಹೇಳಿ

ಪೆರ್ಲದವ:
ಮಾರ್ಕ್ ಡೇನಿಯಲೆವ್‌ಸ್ಕಿಯ ‘ಹೌಸ್ ಆಫ್ ಲೀವ್ಸ್’ (2000) ಯಾರಾದ್ರೂ ಪೂರ್ತಿ ಓದಿದ್ದೀರಾ? ಕೋಯಿಕ್ಕೋಡಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿತು, ಹಾರರ್ ಅಂತ ತಂದೆ. ಶುರು ಚೆನ್ನಾಗಿತ್ತು. ವರ್ಜೀನಿಯಾದಲ್ಲಿ ಒಂದು ಮನೆ, ಅಳೆದು ನೋಡಿದರೆ ಹೊರಗಿನ ಅಗಲಕ್ಕಿಂತ ಒಳಗಿನದ್ದು ಕಾಲು ಇಂಚು ಜಾಸ್ತಿ. ದೆವ್ವ ಇಲ್ಲ, ರಕ್ತ ಇಲ್ಲ, ಆ ಕಾಲು ಇಂಚಿಗೇ ನನಗೆ ನಿದ್ದೆ ಬರಲಿಲ್ಲ. ನಮ್ಮದು ಹಳೇ ಮುರಕಲ್ಲಿನ ಮನೆ, ಅಳೆಯಲು ಹೋಗಲಿಲ್ಲ ಬಿಡಿ.

ಈಗ ಒಂಬತ್ತನೇ ಅಧ್ಯಾಯ. ಅಡಿಟಿಪ್ಪಣಿಗೆ ಅಡಿಟಿಪ್ಪಣಿ, ಕೆಲವು ತಲೆಕೆಳಗು, ಒಂದು ಚೌಕದೊಳಗಿನ ಪಟ್ಟಿಯಂತೂ ಹಾಳೆ ಮಗುಚಿದರೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಯಾರು ಮಾತಾಡುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಇದು ಸಾಲದು ಅಂತ ನನ್ನ ಪ್ರತಿಯ ಅಂಚಿನಲ್ಲಿ ಯಾರೋ ಮಲಯಾಳದಲ್ಲಿ ಪೆನ್ಸಿಲ್ ಟಿಪ್ಪಣಿ ಬೇರೆ ಬರೆದಿದ್ದಾರೆ. ಪಾಪ, ಅವರೂ ಇದೇ ಅಧ್ಯಾಯಕ್ಕೆ ನಿಂತಿದ್ದಾರೆ. ಟಿಪ್ಪಣಿ ಹಾರಿಸಿದರೆ ಕಥೆ ಕೈ ತಪ್ಪುತ್ತದಾ?

ಮುಳ್ಳೇರಿಯ ಮೇಷ್ಟ್ರು:
ಅಕ್ಷರದ ಅಚ್ಚು ನೋಡಿ, ಅರ್ಧ ಗೋಜಲು ಅಲ್ಲೇ ಬಿಡಿಸಿಕೊಳ್ಳುತ್ತದೆ. ಟೈಮ್ಸ್ ಅಚ್ಚಿನಲ್ಲಿ ಇರುವುದು ಝಂಪಾನೋ ಎಂಬ ಮುದುಕನದ್ದು, ಟೈಪ್‌ರೈಟರಿನ ಹಾಗೆ ಕಾಣುವ ಕೂರಿಯರ್ ಜಾನಿಯದ್ದು, ಇನ್ನೊಂದು ಅಚ್ಚು ಸಂಪಾದಕರದ್ದು. ಮುದುಕ ಸತ್ತ ಮೇಲೆ ಅವನ ಕಾಗದದ ರಾಶಿ ಜಾನಿಗೆ ಸಿಕ್ಕಿತು, ಅವನು ಅದಕ್ಕೆ ತನ್ನ ಪುರಾಣ ಸೇರಿಸಿದ.

ನನಗೆ ಇಷ್ಟವಾದ ವಿಷಯ ಬೇರೆ ಉಂಟು. ಆ ಮನೆಯ ಮೇಲೆ ತೆಗೆದ ಸಿನಿಮಾದ ಬಗ್ಗೆ ಇಷ್ಟು ಬರೆದ ಝಂಪಾನೋ ಕುರುಡ. ಸಾಲದ್ದಕ್ಕೆ ಆ ಸಿನಿಮಾವೇ ಇಲ್ಲ ಅನ್ನುತ್ತಾನೆ ಜಾನಿ. ಕುರುಕ್ಷೇತ್ರದಲ್ಲಿ ಕಣ್ಣಿದ್ದ ಸಂಜಯ ಹೇಳಿದ, ಕುರುಡ ಧೃತರಾಷ್ಟ್ರ ಕೇಳಿದ. ಇಲ್ಲಿ ಧೃತರಾಷ್ಟ್ರನೇ ಹೇಳಲು ಕೂತಿದ್ದಾನೆ! ತಾಳಮದ್ದಳೆ ಕೇಳಿ ಬೆಳೆದ ನಮಗೆ ಕಥೆಯೊಳಗೆ ಕಥೆ ಹೊಸದೇನಲ್ಲ, ಆದರೆ ಅಲ್ಲಿ ಹೇಳುವವನನ್ನು ನಂಬಿಯೇ ಕೂರುತ್ತೇವೆ. ಇಲ್ಲಿ ನಂಬಿದರೆ ಕೆಟ್ಟಿರಿ. ಎರಡನೇ ಅಧ್ಯಾಯದಲ್ಲಿ ನೀರು ಕಾಯಿಸುವ ಹೀಟರಿನ ಮಾತು ಬರುತ್ತದಲ್ವಾ, ‘ನೀರು’ ಅನ್ನುವುದನ್ನು ತಾನೇ ಸೇರಿಸಿದ್ದು ಅಂತ ಜಾನಿ ಬಾಯಿಬಿಡುತ್ತಾನೆ. ಒಂದು ಕಡೆ ಒಪ್ಪಿಕೊಂಡ, ಒಪ್ಪಿಕೊಳ್ಳದೆ ಇನ್ನೆಷ್ಟು ಕಡೆ ಕೈ ಆಡಿಸಿದ್ದಾನೋ.

ಉಪ್ಪಳ ಲೋಕಲ್:
ಸುಮ್ನೆ ಗಿಮಿಕ್ಕು ಮಾರಾಯ್ರೆ. ‘ಮನೆ’ ಅನ್ನುವ ಪದ ಬಂದಲ್ಲೆಲ್ಲ ನೀಲಿ ಶಾಯಿ, ಯಾಕೆ ಅಂತ ಒಬ್ಬರೂ ಹೇಳುವುದಿಲ್ಲ. ಮಂಗಳೂರು ಬಸ್ಸಿನಲ್ಲಿ ಪುಸ್ತಕ ತಿರುಗಿಸಿ ತಿರುಗಿಸಿ ಓದುತ್ತಿದ್ದೆ, ಪಕ್ಕದ ಅಜ್ಜ ‘ಓದಲಿಕ್ಕೆ ಬರುವುದಿಲ್ವಾ ಮಗಾ’ ಅಂತ ಕೇಳಿದರು. ಆವತ್ತೇ ಮುಚ್ಚಿಟ್ಟೆ.

ಬದಿಯಡ್ಕದ ಅಕ್ಕ:
ಉಪ್ಪಳದವರೇ, ಆ ಅಜ್ಜನಿಗೆ ನನ್ನ ನಮಸ್ಕಾರ ಹೇಳಿ 😄

ಪೆರ್ಲದವರೇ, ಒಂಬತ್ತರಲ್ಲಿ ಪುಸ್ತಕಗಳ, ಕಟ್ಟಡಗಳ, ಹೆಸರುಗಳ ಉದ್ದದ ಪಟ್ಟಿ ಬಂದರೆ ಧೈರ್ಯವಾಗಿ ಹಾರಿಸಿ. ನಿಜವಾದ ಪುಸ್ತಕದ ಜೊತೆ ಹುಟ್ಟೇ ಇಲ್ಲದ ಪುಸ್ತಕವೂ ಅದರಲ್ಲಿ ಸೇರಿದೆ, ಹುಡುಕುತ್ತಾ ಹೋದರೆ ಮುಗಿಯುವುದಿಲ್ಲ. ಮನೆಯೊಳಗೆ ಹೋದವರು ದಾರಿ ತಪ್ಪುವಾಗ ನಾವೂ ತಪ್ಪಲಿ ಅಂತಲೇ ಆ ಅಧ್ಯಾಯ ಹಾಗೆ ಕಟ್ಟಿದ್ದು. ಜಾನಿಯ ಟಿಪ್ಪಣಿ ಮಾತ್ರ ಬಿಡಬೇಡಿ. ಹತ್ತನೆಯದ್ದು ಬಂತೋ, ಒಂದು ಪುಟಕ್ಕೆ ನಾಲ್ಕೈದು ಸಾಲು, ಕೆಲವು ಕಡೆ ಅದೂ ಇಲ್ಲ. ಒಂದೇ ಸಂಜೆಗೆ ಓಡುತ್ತದೆ.

ಇನ್ನೊಂದು, ಐದನೇ ಅಧ್ಯಾಯದಲ್ಲಿ ಸಂಪಾದಕರು ಒಂದು ಟಿಪ್ಪಣಿ ಹಾಕಿದ್ದಾರೆ, ಜಾನಿಯನ್ನು ಅರ್ಥ ಮಾಡಿಕೊಳ್ಳಬೇಕಿದ್ದರೆ ಹಿಂದಿನ ಅನುಬಂಧ ನೋಡಿ ಅಂತ. ಹೆಚ್ಚಿನವರು ಮುಂದೆ ಹೋಗಿಬಿಡುತ್ತಾರೆ. ಹೋಗಿ ನೋಡಿ. ಆಸ್ಪತ್ರೆಯಿಂದ ಅವನ ತಾಯಿ ಬರೆದ ಪತ್ರಗಳು ಅಲ್ಲಿವೆ. ಒಂದು ಪತ್ರದಲ್ಲಿ ತಾಯಿ, ಮುಂದಿನದ್ದರಲ್ಲಿ ಪ್ರತಿ ಪದದ ಮೊದಲ ಅಕ್ಷರ ಜೋಡಿಸಿ ಓದು ಮಗನೇ ಅನ್ನುತ್ತಾಳೆ. ಪೆನ್ಸಿಲ್ ಹಿಡಿದು ಕೂತೆ, ಅರ್ಧ ಪುಟ ಆಗುವಷ್ಟರಲ್ಲಿ ಕೈ ತಣ್ಣಗಾಯಿತು. ಆ ಮನೆಗಿಂತ ಇದಕ್ಕೇ ನಾನು ಹೆಚ್ಚು ಹೆದರಿದ್ದು.

ಪೆರ್ಲದವ:
ಅಕ್ಕಾ, ಈಗಷ್ಟೇ ತೆಗೆದು ನೋಡಿದೆ. ನನ್ನ ಮಲಯಾಳಿ ಒಂಬತ್ತರಲ್ಲಿ ನಿಂತದ್ದಲ್ಲ, ಇಲ್ಲಿಗೆ ಬಂದಿದ್ದಾರೆ! ಆ ಪತ್ರದಲ್ಲಿ ಪ್ರತಿ ಪದದ ಮೊದಲ ಅಕ್ಷರದ ಕೆಳಗೆ ಪೆನ್ಸಿಲ್ ಗೀಟು. ಮೊದಲ ಪುಟದ ನಡುವಿನವರೆಗೆ ಮಾತ್ರ, ಆಮೇಲೆ ಇಲ್ಲ.

ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಉಳಿದದ್ದು ನಾಳೆ ಹಗಲು ನೋಡುತ್ತೇನೆ.