ಪದಚರ್ಚೆ: ‘ಡಿಜಿಟಲ್ ಸಿಟಿಜನ್‌ಶಿಪ್’ಗೆ ಕನ್ನಡ ಬೇಕು (ತುರ್ತು)

ನಮಸ್ಕಾರ. ನಾಲ್ಕು–ಐದನೇ ತರಗತಿಯ ಮಕ್ಕಳು ಹಂಚಿಕೊಂಡು ಬಳಸುವ ಟ್ಯಾಬ್‌ಗಳ ಪಕ್ಕ ಅಂಟಿಸಲು ಎ3 ಅಳತೆಯ ಹಾಳೆಯೊಂದು ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ‘ಡಿಜಿಟಲ್ ಸಿಟಿಜನ್‌ಶಿಪ್’ ಎಂದರೆ ಟ್ಯಾಬ್, ಅಂತರ್ಜಾಲ ಬಳಸುವಾಗಿನ ಹೊಣೆಯರಿತ ನಡವಳಿಕೆ. ಕರಡಿನಲ್ಲಿ ತಲೆಬರಹ ‘ಡಿಜಿಟಲ್ ನಾಗರಿಕತೆ’ ಎಂದಿದೆ, ಕಿವಿಗೆ ಒಗ್ಗುತ್ತಿಲ್ಲ. ಕೆಳಗೆ ಮೂರು ಸಾಲು:
ಅನುಮತಿಯಿಲ್ಲದೆ ಇತರರ ಛಾಯಾಚಿತ್ರ ತೆಗೆಯಬಾರದು.
ಬಳಕೆಯ ನಂತರ ಲಾಗ್ ಔಟ್ ಮಾಡತಕ್ಕದ್ದು.
ಸೈಬರ್ ಕಿರುಕುಳವನ್ನು ವರದಿ ಮಾಡಿ.
ಹೆದರಿಸುವ ಧಾಟಿ ಬೇಡ, ಒಳ್ಳೆಯ ರೂಢಿ ಕಲಿಸುವಂತಿರಲಿ ಎಂದು ಶಿಕ್ಷಕರ ಕೋರಿಕೆ.
– ಸು.

ನಾಗರಿಕತೆ ಎಂದರೆ ಸಿಂಧೂ ಕಣಿವೆಯದು. ಹಿಂದಿಯ ‘ನಾಗರಿಕತಾ’ವನ್ನು ಹಾಗೇ ಎತ್ತಿಕೊಂಡರೆ ಹೀಗೇ ಆಗುವುದು. ಅವರ ‘ಉಪನ್ಯಾಸ’ ಕಾದಂಬರಿ, ಅವರ ‘ಶಿಕ್ಷಾ’ ವಿದ್ಯೆ. ಪುರ, ಆದಿವೃದ್ಧಿಯಾಗಿ (ಮೊದಲ ಸ್ವರ ‘ಉ’ ‘ಔ’ ಆಗಿ) ಪೌರ, ಅದರಿಂದ ಪೌರತ್ವ. ಸಂವಿಧಾನದ 5ರಿಂದ 11ನೇ ಅನುಚ್ಛೇದಗಳ ವಿಷಯವೂ ಇದೇ. ಮುಗಿಯಿತು.
– ವೆಂ.

ಮುಗಿಯಲಿಲ್ಲ ಸರ್. 2019ರ ತಿದ್ದುಪಡಿ ಕಾಯ್ದೆಯಾದ ಮೇಲೆ ‘ಪೌರತ್ವ’ ಕೇಳಿದ ಪೋಷಕರಿಗೆ ನೆನಪಾಗುವುದು ದಾಖಲೆಪತ್ರ. ಇಲ್ಲಿ ಹೇಳಬೇಕಾದ್ದು ನಡವಳಿಕೆ. ಶಿಕ್ಷಕರ ಕೈಪಿಡಿಗೆ ‘ಡಿಜಿಟಲ್ ಪೌರನೀತಿ’ ಸಾಕು, ಪೌರನೀತಿ ಹೇಗೂ ಪಠ್ಯದಲ್ಲಿ ರೂಢಿಯಾದ ಮಾತು. ಗೋಡೆಗೆ ‘ಟ್ಯಾಬ್ ಬಳಸುವಾಗ ನಮ್ಮ ನಡತೆ’ ಎಂದು ಹಾಕಿ.

ನಿಜವಾದ ತೊಂದರೆ ಕೆಳಗಿನ ಸಾಲುಗಳಲ್ಲಿದೆ. ‘ತಕ್ಕದ್ದು’ ಟೆಂಡರ್ ನೋಟಿಸಿನ ಭಾಷೆ. ‘-ಓಣ’ ಹಾಕಿದರೆ ಮಕ್ಕಳೂ ಶಿಕ್ಷಕರೂ ಒಟ್ಟಿಗೇ ಬರುತ್ತಾರೆ. ಆದರೆ ‘ಕೇಳಿ ಫೋಟೊ ತೆಗೆಯೋಣ’ ಎಂದು ಬರೆಯಬೇಡಿ. ಆ ‘ಕೇಳಿ’ಯನ್ನು ಮಗು ‘ಆಲಿಸಿ’ ಎಂದು ಓದೀತು. ‘ಒಪ್ಪಿಗೆ ಕೇಳೋಣ, ಆಮೇಲೆ ಫೋಟೊ ತೆಗೆಯೋಣ.’ ಲಾಗ್ ಔಟ್ ಹಾಗೇ ಇರಲಿ, ‘ಬಳಸಿದ ಮೇಲೆ ಲಾಗ್ ಔಟ್ ಮಾಡೋಣ’ ಎನ್ನಿ, ಆದರೆ ‘ಮುಚ್ಚಿ’ ಎಂದು ಸುಲಭ ಮಾಡಲು ಹೋಗಬೇಡಿ: ಕಿಟಕಿ ಮುಚ್ಚಿದರೂ ಖಾತೆ ತೆರೆದೇ ಇರುತ್ತದೆ, ಮುಂದಿನ ಮಗುವಿನ ಬರಹ ಹಿಂದಿನ ಮಗುವಿನ ಖಾತೆಯಲ್ಲಿ ಉಳಿಯುತ್ತದೆ. ‘ಕಿರುಕುಳ’ ಪತ್ರಿಕೆಗಳಲ್ಲಿ ಬೇರೆಯೇ ಅಪರಾಧಕ್ಕೆ ಅಂಟಿಕೊಂಡಿದೆ, ‘ವರದಿ’ಯಂತೂ ಒಂಬತ್ತು ವರ್ಷದವರ ಮಾತಲ್ಲ. ‘ಯಾರಾದರೂ ನೋವಾಗುವಂತೆ ಬರೆದರೆ ಅಳಿಸದೆ ಟೀಚರ್‌ಗೆ ತೋರಿಸೋಣ.’ ಈ ‘ಅಳಿಸದೆ’ ಬಿಡಬೇಡಿ. ಮಗು ಗಾಬರಿಯಿಂದ ಮೊದಲು ಅಳಿಸುತ್ತದೆ, ಆಮೇಲೆ ತೋರಿಸಲು ಏನೂ ಇರುವುದಿಲ್ಲ.
– ಎಂ.

ಡಿಜಿಟಲ್, ಪೌರ, ನೀತಿ. ಮೂರರಲ್ಲಿ ಕನ್ನಡದ್ದು ಯಾವುದು? ಪುರ, ನಗರ ಎಂದು ಗುದ್ದಾಡುತ್ತಿದ್ದೀರಿ, ಹಳ್ಳಿ ಮಕ್ಕಳಿಗೆ ಎರಡೂ ಇಲ್ಲ. ‘ಮಿಂಬಲೆ ನಡವಳಿಕೆ’ ಅನ್ನಿ. ಅಚ್ಚ ಕನ್ನಡ, ಮಹಾಪ್ರಾಣದ ಕಾಟವೂ ಇಲ್ಲ.
– ಬ.

ಮಿಂಬಲೆ ಅಂತರ್ಜಾಲಕ್ಕೆ ಕಟ್ಟಿದ ಪದ. ಸಂಪರ್ಕವೇ ಇಲ್ಲದ ಟ್ಯಾಬಿನಲ್ಲೂ ಪಕ್ಕದವಳ ಫೋಟೊ ತೆಗೆಯಬಹುದು, ಮುಂದಿನ ಅವಧಿಯವರು ಗ್ಯಾಲರಿ ತೆರೆದು ನೋಡಿ ನಗಬಹುದು. ಆ ನಡತೆಗೆ ಬಲೆ ಬೇಡ.
– ಎಂ.

ಡಿಜಿಟಲ್ಲಿನ ಮೂಲ ಲ್ಯಾಟಿನ್ನಿನ ಬೆರಳು. ‘ಬೆರಳ್ನಡತೆ’ ಎನ್ನುತ್ತೀರಾ ಬ. ಅವರೇ? ಸಂಸ್ಕೃತ ಬಿಟ್ಟು ಬರೆಯುವುದಾದರೆ ಮೊದಲು ‘ಪದ’, ‘ಚರ್ಚೆ’ ಎರಡನ್ನೂ ಬಿಡಿ.
– ವೆಂ.

ವೆಂ. ಅವರು ಲಾಗ್ ಔಟನ್ನು ನುಂಗಿಕೊಂಡು ನಮ್ಮ ಮಿಂಬಲೆಗೆ ಮೂಗು ಮುರಿಯುತ್ತಾರೆ. ಇಂಗ್ಲಿಶಿಗೆ ಬಾಗಿಲು ತೆಗೆದೇ ಇದೆ, ಕನ್ನಡದ ಬೇರಿಗೆ ಮಾತ್ರ ತಪಾಸಣೆ. ಬೆರಳ್ನಡತೆ ಕೆಟ್ಟದೇನಲ್ಲ, ಅಂದಹಾಗೆ.
– ಬ.

ಎಂ. ಮೇಡಂ ಅವರ ಮೂರು ಸಾಲೂ ತಲೆಬರಹವೂ ಹಾಗೇ ಹೋಗುತ್ತಿವೆ. ಫೋಟೊ ಸಾಲಿನ ಕೆಳಗೆ ‘ಬೇಡವಾದದ್ದನ್ನು ಅಳಿಸೋಣ, ಬಿನ್ ಕೂಡ ಖಾಲಿ ಮಾಡೋಣ’ ಎಂದು ಸೇರಿಸುತ್ತಿದ್ದೇನೆ. ಗ್ಯಾಲರಿಯಿಂದ ಅಳಿಸಿದ್ದು ಬಿನ್‌ನಲ್ಲಿ ಕುಳಿತಿರುತ್ತದೆ. ಮುದ್ರಣದವರು ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲೇ ಕಳಿಸಿ ಎನ್ನುತ್ತಿದ್ದಾರೆ, ನನ್ನದು ಯೂನಿಕೋಡ್, ಅಕ್ಷರಸಂಕೇತವೇ ಬೇರೆ. ಒತ್ತಕ್ಷರ ಕೆಡದಂತೆ ಪಿಡಿಎಫ್‌ನಲ್ಲಿ ಫಾಂಟ್ ಸೇರಿಸಿ ಕಳಿಸಿದರೆ ಸಾಕೇ?
– ಸು.

ಸಾಕು. ‘ಬಿನ್’ಗೆ ‘ಕಸದಬುಟ್ಟಿ’ ಎನ್ನಿ.
– ವೆಂ.